ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬರವಣಿಗೆಯನ್ನು ಎಲ್ಲಿಂದ ಶುರು ಮಾಡಬೇಕು?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಬಿಎ ಕೊನೆಯ ವರ್ಷ, ಯುಪಿಎಸ್‌ಸಿ ಬರೆಯುವ ಆಸೆ. ಆದರೆ ಇಂಗ್ಲಿಷ್ ಗ್ರಾಮರ್, ಓದು, ಪದಗಳು, ಪ್ರಬಂಧ ನಾಲ್ಕರಲ್ಲೂ ಹಿಂದಿದ್ದೇನೆ, ಎಲ್ಲಿಂದ ಶುರು ಮಾಡಲಿ, ಆರು ತಿಂಗಳು ಸಾಕಾ ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಓದಿ, ಆಮೇಲೆ ಪೇಟೆಗೆ ಹೋಗಿ ಪಿಯುಸಿ ಸೈನ್ಸ್ ಸೇರಿದೆ. ದ್ಯುತಿಸಂಶ್ಲೇಷಣೆ ಅಂತ ಕಲಿತದ್ದು ಒಂದೇ ಬೇಸಿಗೆ ರಜೆಯಲ್ಲಿ ಫೋಟೋಸಿಂಥೆಸಿಸ್ ಆಗಿಬಿಟ್ಟಾಗ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಈಗ ಎಂಟು ವರ್ಷದಿಂದ ಇಂಗ್ಲಿಷಿನಲ್ಲಿ ವರದಿ ಬರೆಯುವುದೇ ನನ್ನ ಕೆಲಸ.

ಮೊದಲು ಪರೀಕ್ಷೆಯ ಭಯ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಕಡ್ಡಾಯ ಇಂಗ್ಲಿಷ್ ಪೇಪರ್ 300 ಅಂಕದ್ದು. ಅದರಲ್ಲಿ ಶೇಕಡಾ 25, ಅಂದರೆ 75 ಅಂಕ ಬಂದರೆ ಸಾಕು, ರ‍್ಯಾಂಕಿಗೆ ಆ ಅಂಕ ಸೇರುವುದಿಲ್ಲ. ಆದರೆ ಅಷ್ಟೂ ಬರಲಿಲ್ಲ ಅಂದರೆ ಉಳಿದ ಪೇಪರ್‌ಗಳ ಅಂಕಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 250 ಅಂಕದ ಮುಖ್ಯ ಪ್ರಬಂಧ ಪೇಪರ್ ಮತ್ತು ಜನರಲ್ ಸ್ಟಡೀಸ್ ಪೇಪರ್‌ಗಳನ್ನು ನೀವು ಕನ್ನಡದಲ್ಲೇ ಬರೆಯಬಹುದು. ಹಾಗಾಗಿ ನೀವು ದಾಟಬೇಕಾದ್ದು ಬೆಟ್ಟವಲ್ಲ. ತಪ್ಪಿಲ್ಲದೆ ಸರಳವಾಗಿ ಬರೆಯುವ ಇಂಗ್ಲಿಷ್ ಬಂದರೆ ಆಯಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ದಪ್ಪ ಗ್ರಾಮರ್ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಓದಬೇಡಿ. ನಾನು ಎರಡು ಸಲ ಓದಿದೆ, ಎರಡು ಸಲವೂ ನಾಮಪದ ಸರ್ವನಾಮದ ಹತ್ತಿರವೇ ನಿಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ಒಂದು ಪುಟದ ವರದಿಯನ್ನು ನಮ್ಮ ಮೇಡಂ ಒಬ್ಬರು ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟರು. ಹದಿನೇಳು ತಪ್ಪು. ಮನೆಗೆ ಹೋಗಿ ಕೂತು ಎಣಿಸಿದಾಗ ಗೊತ್ತಾಗಿದ್ದು ಏನೆಂದರೆ, ಹದಿನೇಳು ತಪ್ಪಾದರೂ ಅದರಲ್ಲಿ ಬೇರೆ ಬೇರೆ ಬಗೆಯವು ನಾಲ್ಕೇ ಇದ್ದವು, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ ಬಂದಿದ್ದವು. ಇನ್ನೂ ಮುಖ್ಯವಾಗಿ, ಆ ನಾಲ್ಕಕ್ಕೂ ಕಾರಣ ಕನ್ನಡದಲ್ಲೇ ಇತ್ತು. ನಮ್ಮ ತಲೆಯಲ್ಲಿ ಒಂದು ಪೂರ್ತಿ ವ್ಯಾಕರಣ ಆಗಲೇ ಇದೆ ಅಲ್ವಾ, ಇಂಗ್ಲಿಷ್ ಬರೆಯುವಾಗ ಅದು ಸುಮ್ನೆ ಕೂರುವುದಿಲ್ಲ. ಎರಡು ಭಾಷೆ ಎಲ್ಲಿ ಬೇರೆ ದಾರಿ ಹಿಡಿಯುತ್ತವೋ ಅಲ್ಲೇ ನಾವು ಎಡವುತ್ತೇವೆ. ಆ ಜಾಗಗಳು ತುಂಬಾ ಇಲ್ಲ.

ಉದಾಹರಣೆಗೆ ಎ ಮತ್ತು ದಿ. ಕನ್ನಡದಲ್ಲಿ ಇಂಥದ್ದೇ ಪದಗಳಿಲ್ಲ, ಹಾಗಾಗಿ ಬಿಟ್ಟುಬಿಡುತ್ತೇವೆ. ಆದರೆ ಅಜ್ಜಿ ಹೇಳಿದ ಕತೆ ನೆನಪು ಮಾಡಿಕೊಳ್ಳಿ. ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಹೆಂಡತಿಯರು. ಮೊದಲ ಸಲ ಬಂದಾಗ ಒಬ್ಬ, ಕೇಳುವವರಿಗೆ ಗುರುತಾದ ಮೇಲೆ ಆ. ಇಂಗ್ಲಿಷಿನ ಎ ಕಿಂಗ್, ದಿ ಕಿಂಗ್ ಬಹುಪಾಲು ಇಷ್ಟೇ. ಇನ್ನೊಂದು ಚಂದದ ವಿಷಯ ಇದೆ. 'ಪುಸ್ತಕ ತಂದೆ' ಅಂದರೆ ಯಾವುದೋ ಒಂದು ಪುಸ್ತಕ, 'ಪುಸ್ತಕವನ್ನು ತಂದೆ' ಅಂದರೆ ನಮಗಿಬ್ಬರಿಗೂ ಗೊತ್ತಿರುವ ಪುಸ್ತಕ ಅನ್ನುವ ಭಾವ ಬರುತ್ತದೆ. ಅಂದರೆ ಆ ವ್ಯತ್ಯಾಸ ನಿಮಗೆ ಹುಟ್ಟಿನಿಂದಲೇ ಗೊತ್ತಿದೆ, ಬರೆಯುವಾಗ ಕಾಣಿಸಬೇಕು ಅಷ್ಟೇ. ದಿ ಸನ್ ಥರದ ಕೆಲವನ್ನು ಮಾತ್ರ ಹಾಗೇ ನೆನಪಿಡಬೇಕು.

ಎರಡನೆಯದು 'ಇಂದ'. ಐದು ವರ್ಷದಿಂದ ಇಲ್ಲಿದ್ದೇನೆ, 2020ರಿಂದ ಇಲ್ಲಿದ್ದೇನೆ. ಕನ್ನಡಕ್ಕೆ ಎರಡೂ ಒಂದೇ. ಅದಕ್ಕೇ ನಮ್ಮವರು ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂತ ಬರೆಯುತ್ತಾರೆ. ಇಂಗ್ಲಿಷಿಗೆ ಎಷ್ಟು ಕಾಲ ಅನ್ನುವುದು ಬೇರೆ, ಯಾವಾಗ ಶುರುವಾಯಿತು ಅನ್ನುವುದು ಬೇರೆ: ಫಾರ್ ಫೈವ್ ಇಯರ್ಸ್, ಸಿನ್ಸ್ 2020. ಜೊತೆಗೆ ಅಲ್ಲಿ ಆಮ್ ಸಾಲದು, ಹ್ಯಾವ್ ಬೀನ್ ಬೇಕು. ಹಾಗೆಯೇ 'ನಿನ್ನೆ ಅವರನ್ನು ನೋಡಿದ್ದೇನೆ' ಅನ್ನುವುದು ಕನ್ನಡದಲ್ಲಿ ಸರಿ, ಆದರೆ ಇಂಗ್ಲಿಷಿನಲ್ಲಿ ಯೆಸ್ಟರ್ಡೇ ಬಂದ ತಕ್ಷಣ ಹ್ಯಾವ್ ಸೀನ್ ಹೋಗಿ ಬರೀ ಸಾ ಆಗಬೇಕು.

ಮೂರನೆಯದು 'ಅಲ್ಲಿ'. ಬೆಂಗಳೂರಿನಲ್ಲಿ, ಬಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ. ನಮಗೆ ಒಂದೇ ಪ್ರತ್ಯಯ, ಇಂಗ್ಲಿಷಿನಲ್ಲಿ ಇನ್, ಆನ್, ಆ್ಯಟ್ ಮೂರು ಬೇರೆ. ಇದಕ್ಕೆ ನಿಯಮ ಉರು ಹೊಡೆಯುವುದಕ್ಕಿಂತ ಓದುವಾಗ ಕಂಡದ್ದನ್ನು ಪೂರ್ತಿ ತುಣುಕಾಗಿ ಬರೆದಿಟ್ಟುಕೊಳ್ಳುವುದೇ ಒಳ್ಳೆಯದು. ನಾಲ್ಕನೆಯದು, 'ಅರ್ಥವಾಗುತ್ತಿದೆ' ಅನ್ನುವುದು ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’ ಆಗಿಬಿಡುವುದು. ಅಲ್ಲಿ ಸಾಮಾನ್ಯವಾಗಿ ‘ಐ ಅಂಡರ್‌ಸ್ಟ್ಯಾಂಡ್’ ಅಂದರೆ ಸಾಕು.

ನನ್ನ ನಾಲ್ಕು ಇವು. ನಿಮ್ಮವು ಬೇರೆ ಇರಬಹುದು. ಅದಕ್ಕೊಂದು ನೋಟ್‌ಬುಕ್ ಇಡಿ. ತಪ್ಪು ಬರೆದ ವಾಕ್ಯ, ಸರಿಯಾದ ವಾಕ್ಯ, ಕನ್ನಡದಲ್ಲಿ ಅದನ್ನು ಹೇಗೆ ಹೇಳುತ್ತಿದ್ದೆ ಅನ್ನುವುದು, ಇಷ್ಟನ್ನೇ ಬರೆದುಕೊಳ್ಳಿ. ಮೊಬೈಲಿನಲ್ಲಿ ತಿದ್ದಿಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ, ಬಳಸಿ, ತಪ್ಪೇನಿಲ್ಲ. ಆದರೆ ತಿದ್ದಿದ್ದನ್ನು ಕೈಯಲ್ಲಿ ನೋಟ್‌ಬುಕ್ಕಿಗೆ ಇಳಿಸದಿದ್ದರೆ ನಾಳೆ ಮತ್ತೆ ಅದೇ ತಪ್ಪು ಬರುತ್ತದೆ.

ಓದಿನ ವಿಷಯ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳು, ಎರಡೂ ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದವು. ಒಂದೇ ಸುದ್ದಿಯನ್ನು ಮೊದಲು ಪ್ರಜಾವಾಣಿಯಲ್ಲಿ ಓದಿ, ಆಮೇಲೆ ಹೆರಾಲ್ಡಿನಲ್ಲಿ ಓದಿ. ಏನಾಯಿತು ಅಂತ ಮೊದಲೇ ಗೊತ್ತಿರುವುದರಿಂದ ಗೊತ್ತಿಲ್ಲದ ಪದಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ. ನಾನು ಪೇಟೆಯ ಲೈಬ್ರರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೆ, ದಿನಕ್ಕೆ ಒಂದೇ ಸುದ್ದಿ, ಅದೂ ಅರ್ಧ ಗಂಟೆ ಹಿಡಿಯುತ್ತಿತ್ತು, ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಸಂಪಾದಕೀಯ ನೋಡಿದರೆ ಮೊದಲಿನ ಹಾಗೆ ಹೆದರಿಕೆ ಆಗುತ್ತಿರಲಿಲ್ಲ.

ಉದ್ದ ವಾಕ್ಯ ಸಿಕ್ಕಾಗ ನಾವು ಕಳೆದುಹೋಗುವುದಕ್ಕೂ ಕಾರಣ ಇದೆ. ಕನ್ನಡದಲ್ಲಿ ವಿವರಣೆಯೆಲ್ಲ ಮೊದಲು, ಕ್ರಿಯಾಪದ ಕೊನೆಗೆ. 'ನಿನ್ನೆ ಸಂತೆಯಲ್ಲಿ ಸಿಕ್ಕ ಹುಡುಗ' ಅಂತೀವಿ. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬರುತ್ತಾನೆ, ಸಂತೆ ನಿನ್ನೆ ಎಲ್ಲ ಬಾಲದಲ್ಲಿ ಬರುತ್ತವೆ. ಅದಕ್ಕೆ ಉದ್ದ ವಾಕ್ಯದಲ್ಲಿ ಮೊದಲು ಯಾರು ಮತ್ತು ಏನು ಮಾಡಿದರು ಎಂಬ ಎರಡನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿ, ಉಳಿದದ್ದನ್ನು ಆಮೇಲೆ ಜೋಡಿಸಿಕೊಳ್ಳಿ. ಇದರ ಮೇಲೆ ಕೈ ಕೂತರೆ ಕಡ್ಡಾಯ ಇಂಗ್ಲಿಷ್ ಪೇಪರಿನಲ್ಲಿ ಬರುವ ಪ್ರೆಸಿ, ಅಂದರೆ ಕೊಟ್ಟ ಭಾಗವನ್ನು ಮೂರನೇ ಒಂದರಷ್ಟಕ್ಕೆ ಇಳಿಸಿ ಬರೆಯುವುದು, ಅದೂ ಸುಲಭವಾಗುತ್ತದೆ.

ಪದಗಳು: ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುವುದು ನನ್ನ ಪ್ರಕಾರ ಸಮಯ ಹಾಳು. ಕನ್ನಡದಲ್ಲಿ ಜೋರು ಮಳೆ, ಕಡಕ್ ಚಹಾ, ಗಟ್ಟಿ ಮೊಸರು ಅಂತೀವಿ. ಕಡಕ್ ಮಳೆ ಅನ್ನಲ್ಲ. ಪದಕ್ಕೆ ಅದರದೇ ಜೊತೆ ಇರುತ್ತದೆ. ಇಂಗ್ಲಿಷಿನಲ್ಲೂ ಹೆವಿ ರೈನ್, ಸ್ಟ್ರಾಂಗ್ ಟೀ, ಮೇಕ್ ಎ ಮಿಸ್ಟೇಕ್. ಜೊತೆ ಸಮೇತ ಬರೆದಿಡಿ, ದಿನಕ್ಕೆ ಮೂರು ಸಾಕು, ಆದರೆ ಆ ಮೂರನ್ನೂ ಅವತ್ತೇ ನಿಮ್ಮದೊಂದು ವಾಕ್ಯದಲ್ಲಿ ಬಳಸಿ. ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಹೊಳೆಯದಿದ್ದರೆ ಅಲರ್ ನಿಘಂಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, 2019ರಿಂದ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ನನ್ನ ಕಾಲೇಜಿನ ದಿನಗಳಲ್ಲಿ ಇದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಪ್ರಬಂಧಕ್ಕೆ ಆ ಕಡ್ಡಾಯ ಇಂಗ್ಲಿಷ್ ಪೇಪರಿನಲ್ಲಿ 100 ಅಂಕ, ಸುಮಾರು 600 ಪದ. ಅಂಶಗಳನ್ನು ಕನ್ನಡದಲ್ಲೇ ಯೋಚಿಸಿ, ಅದರಲ್ಲಿ ನಾಚಿಕೆ ಬೇಡ. ಆದರೆ ಪೂರ್ತಿ ವಾಕ್ಯವನ್ನು ಕನ್ನಡದಲ್ಲಿ ಬರೆದು ಅನುವಾದ ಮಾಡಲು ಹೋಗಬೇಡಿ, ನಮ್ಮ ವಾಕ್ಯದ ಜೋಡಣೆಯೇ ಅಲ್ಲಿಗೂ ಬಂದು ಕೂರುತ್ತದೆ. ಮೊದಲ ತಿಂಗಳು 600 ಪದದ ತಂಟೆಗೇ ಹೋಗದೆ ಬರೀ 150 ಪದದ ಒಂದು ಪ್ಯಾರಾ ಬರೆಯಿರಿ. ವಿಷಯ ನಿಮಗೆ ಗೊತ್ತಿರುವುದಾಗಿರಲಿ. ನೀರಿನ ಬಗ್ಗೆ ಬರೆಯುವಾಗ ‘ವಾಟರ್ ಈಸ್ ವೆರಿ ಇಂಪಾರ್ಟೆಂಟ್’ ಅಂತ ಶುರು ಮಾಡುವ ಬದಲು ನಿಮ್ಮೂರ ಕೆರೆಯಿಂದ ಶುರು ಮಾಡಿ. ಕೆರೆಗೆ ನೀರು ಬರುತ್ತಿದ್ದ ಕಾಲುವೆ ಏನಾಯಿತು, ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತು, ಇವನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿದರೆ ಓದುವವರು ಮುಂದೆ ಓದುತ್ತಾರೆ. ಒಂದು ಪ್ಯಾರಾಕ್ಕೆ ಒಂದೇ ಮಾತು. ಬರೆದದ್ದನ್ನು ನಿಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ಕೊಡಿ. ಹತ್ತು ಪುಟ ಕೊಟ್ಟರೆ ಯಾರೂ ನೋಡುವುದಿಲ್ಲ, ಒಂದು ಪ್ಯಾರಾ ಅಂದರೆ ಇಲ್ಲ ಅನ್ನುವವರು ಕಡಿಮೆ. ತಿದ್ದಿದ ಮೇಲೆ ಅದೇ ಪ್ಯಾರಾವನ್ನು ಮೂರು ದಿನ ಬಿಟ್ಟು, ನೋಡದೆ ಮತ್ತೆ ಬರೆಯಿರಿ. ಮೂವತ್ತು ಪ್ರಬಂಧ ಒಂದೊಂದು ಸಲ ಬರೆಯುವುದಕ್ಕಿಂತ ಹತ್ತನ್ನು ಮೂರು ಸಲ ಬರೆದರೆ ಜಾಸ್ತಿ ಕಲಿಯುತ್ತೀರಿ, ಇದನ್ನು ನಾನು ಮಾಡಿ ನೋಡಿ ಹೇಳುತ್ತಿದ್ದೇನೆ.

ಆರು ತಿಂಗಳು ಸಾಕಾ? ದಿನಕ್ಕೆ ಒಂದೂವರೆ ಗಂಟೆ ಬಿಡದೆ ಕೊಟ್ಟರೆ ಈ ಪೇಪರ್ ದಾಟುವುದಕ್ಕೆ ಸಾಕು ಅಂತ ನನ್ನ ನಂಬಿಕೆ. ಮೇಲೆ ಹೇಳಿದ ತಪ್ಪುಗಳು ಎರಡು ಮೂರು ತಿಂಗಳಲ್ಲಿ ಕಡಿಮೆಯಾಗುತ್ತವೆ. ಪದಗಳು ನಿಧಾನ, ಅದಕ್ಕೆ ವರ್ಷಗಳೇ ಬೇಕು, ತಲೆ ಕೆಡಿಸಿಕೊಳ್ಳಬೇಡಿ.

ಪರೀಕ್ಷೆಯ ದಿನ ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ಆಗ ಪೂರ್ತಿ ಓದಿ ಎಲ್ಲ ತಪ್ಪು ಹುಡುಕಬೇಡಿ, ನಿಮ್ಮ ನೋಟ್‌ಬುಕ್ಕಿನಲ್ಲಿರುವ ತಪ್ಪುಗಳನ್ನು ಮಾತ್ರ ಒಂದೊಂದಾಗಿ ಹುಡುಕಿ. ನಾನು ಈಗಲೂ ವರದಿ ಕಳಿಸುವ ಮುಂಚೆ ಹಾಗೇ ನೋಡುತ್ತೇನೆ: ಮೊದಲು ಎ, ದಿ, ಆಮೇಲೆ ಫಾರ್, ಸಿನ್ಸ್, ಕೊನೆಗೆ ಇನ್, ಆನ್, ಆ್ಯಟ್.