ನರ್ಸುಗಳಿರುವಾಗ ಡೂಲಾ ಏಕೆ?

ಪ್ರಶ್ನೆ: ನನಗೀಗ ಏಳು ತಿಂಗಳು, ಚೊಚ್ಚಲ ಹೆರಿಗೆ. ಅಮ್ಮ ಎರಡು ವರ್ಷದ ಹಿಂದೆ ತೀರಿಕೊಂಡರು. ಅತ್ತೆಯವರು ಹುಬ್ಬಳ್ಳಿಯಿಂದ ಬರುತ್ತಾರೆ, ಆದರೆ ಅವರಿಗೆ ಮಂಡಿನೋವು. ಹೆರಿಗೆಯ ವೇಳೆ ಜೊತೆಗಿದ್ದು ಆಸರೆಯಾಗಲು ಡೂಲಾ ಒಬ್ಬರನ್ನು ಗೊತ್ತುಮಾಡಿಕೊಳ್ಳಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ‘ನರ್ಸುಗಳಿರುವಾಗ ದುಡ್ಡು ಕೊಟ್ಟು ಹೊರಗಿನವರೇಕೆ’ ಎಂಬುದು ಅತ್ತೆಯವರ ಮಾತು. ಡೂಲಾ ಮಾಡುವ ಕೆಲಸವಾದರೂ ಏನು? ಬಾಣಂತನವನ್ನೂ ಅವರೇ ನೋಡಿಕೊಳ್ಳುತ್ತಾರೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆ ನ್ಯಾಯವಾದದ್ದು, ಅಲ್ಲಿಂದಲೇ ಆರಂಭಿಸುತ್ತೇನೆ. ಹೆರಿಗೆ ವಾರ್ಡಿನ ನರ್ಸ್ ಒಬ್ಬರೇ ಹಲವರನ್ನು ನೋಡಿಕೊಳ್ಳಬೇಕು, ಮಗುವಿನ ಎದೆಬಡಿತ ಬರೆದಿಡಬೇಕು, ಪಾಳಿ ಮುಗಿದರೆ ಮನೆಗೆ ಹೊರಡಬೇಕು. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆ ದಾಟುವುದು ಸಾಮಾನ್ಯವಾದ್ದರಿಂದ, ದಾಖಲಾದಾಗ ಮಾತನಾಡಿಸಿದ ನರ್ಸ್ ಮಗು ಹುಟ್ಟುವ ಹೊತ್ತಿಗೂ ಇರುತ್ತಾರೆಂದು ಹೇಳಲಾಗದು. ಡೂಲಾ ಮಾಡುವ ಮುಖ್ಯ ಕೆಲಸವೆಂದರೆ ಎದ್ದು ಹೋಗದೆ ಜೊತೆಗಿರುವುದು. ನೋವು ಏರುವಾಗ ಸೊಂಟದ ಕೆಳಗಿನ ಮೂಳೆಯ ಮೇಲೆ ಅಂಗೈಯ ಬುಡವನ್ನಿಟ್ಟು ಬಲವಾಗಿ ಒತ್ತಿ ಹಿಡಿಯುತ್ತಾರೆ. ನೋವು ಇಳಿದೊಡನೆ ಕೈ ಸಡಿಲಿಸಿ ಒಂದು ಗುಟುಕು ನೀರು ಕುಡಿಸುತ್ತಾರೆ. ಮಲಗಿಯೇ ಇರುವ ಬದಲು ಮಂಚ ಹಿಡಿದು ನಿಲ್ಲಲು, ನಾಲ್ಕು ಹೆಜ್ಜೆ ಹಾಕಲು ನೆರವಾಗುತ್ತಾರೆ. ಒತ್ತುವ ಬಗೆಯನ್ನು ನಿಮ್ಮ ಯಜಮಾನರಿಗೂ ಕಲಿಸಿಕೊಡುತ್ತಾರೆ. ಏನು ಮಾಡಬೇಕೆಂದು ತೋಚದೆ ಮೂಲೆಯಲ್ಲಿ ನಿಲ್ಲುವ ಗಂಡಂದಿರಿಗೆ ಇದೊಂದು ದೊಡ್ಡ ಉಪಕಾರವೆಂದು ನನ್ನ ಅನಿಸಿಕೆ.

ಡೂಲಾ ಸೂಲಗಿತ್ತಿಯಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು, 2018ರಲ್ಲಿ ಪದ್ಮಶ್ರೀ ಪಡೆದವರು, ಸಾವಿರಾರು ಹೆರಿಗೆಗಳನ್ನು ಸ್ವತಃ ಮಾಡಿಸಿದ್ದರು. ಡೂಲಾ ಹೆರಿಗೆ ಮಾಡಿಸುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ.

ಜೊತೆಗಿದ್ದ ಮಾತ್ರಕ್ಕೆ ವ್ಯತ್ಯಾಸವಾಗುತ್ತದೆಯೇ ಎಂದು ಅತ್ತೆಯವರು ಕೇಳಬಹುದು. ಗ್ವಾಟೆಮಾಲಾದ ಆಸ್ಪತ್ರೆಯೊಂದರಲ್ಲಿ ನಡೆದು 1980ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ತೊಡಕಿಲ್ಲದ ಹೆರಿಗೆಗಳನ್ನು ಮಾತ್ರ ಹೋಲಿಸಿದಾಗ, ದಾಖಲಾದಾಗಿನಿಂದ ಹೆರಿಗೆಯವರೆಗಿನ ಸರಾಸರಿ ಅವಧಿ ಒಂಟಿಯಾಗಿದ್ದವರಲ್ಲಿ 19.3 ಗಂಟೆ, ಜೊತೆಗೊಬ್ಬ ಹೆಂಗಸಿದ್ದವರಲ್ಲಿ 8.8 ಗಂಟೆಯಾಗಿತ್ತು, ಹಾಗೆ ಜೊತೆಗಿದ್ದವರು ತರಬೇತಿಯಿಲ್ಲದ, ಮೊದಲು ಪರಿಚಯವೂ ಇಲ್ಲದ ಹೆಂಗಸರು. ಇಷ್ಟು ದೊಡ್ಡ ಅಂತರವನ್ನು ನೀವು ನಿರೀಕ್ಷಿಸಬೇಡಿ. ಆದರೆ 17 ದೇಶಗಳ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯೂ, ಎಡೆಬಿಡದ ಆಸರೆಯಿದ್ದಾಗ ಸಹಜ ಹೆರಿಗೆ ಹೆಚ್ಚುವ, ಸಿಸೇರಿಯನ್ ಕಡಿಮೆಯಾಗುವ, ನೋವಿನ ಅವಧಿ ತುಸು ತಗ್ಗುವ ಸಾಧ್ಯತೆಯಿದೆ ಎಂದೇ ಹೇಳಿತು. ಸಾಧ್ಯತೆಯೇ ಹೊರತು ಭರವಸೆಯಲ್ಲ. ‘ನಾರ್ಮಲ್ ಗ್ಯಾರಂಟಿ’ ಎನ್ನುವ ಡೂಲಾ ಸಿಕ್ಕರೆ ನಮಸ್ಕಾರ ಹೇಳಿ ಬಂದುಬಿಡಿ.

ಹಣ ಕೊಡುವ ಮೊದಲು ಆಸ್ಪತ್ರೆಯ ನಿಯಮ ತಿಳಿದುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗೊಬ್ಬರಿರಲು ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ನೀಡಿದೆಯಾದರೂ, ಅದು ಮುಖ್ಯವಾಗಿ ಮನೆಯ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡ ಸೂಚನೆ. ಖಾಸಗಿ ಆಸ್ಪತ್ರೆಗಳಲ್ಲಿ ಒಂದೊಂದರ ನಿಯಮ ಒಂದೊಂದು ಬಗೆ. ಒಬ್ಬರನ್ನಷ್ಟೇ ಬಿಡುವುದಾದರೆ ಗಂಡನೋ ಡೂಲಾನೋ ಎಂಬ ಇಕ್ಕಟ್ಟು ನೋವು ಶುರುವಾದ ಮೇಲೆ ಎದುರಾಗಬಾರದು. ನಮ್ಮಲ್ಲಿ ನರ್ಸುಗಳಿಗಿರುವಂತೆ ಡೂಲಾಗಳಿಗೆ ಸರ್ಕಾರಿ ನೋಂದಣಿಯಿಲ್ಲ, ಪ್ರಮಾಣಪತ್ರ ಕೊಡುವವು ಖಾಸಗಿ ಸಂಸ್ಥೆಗಳು. ಆದ್ದರಿಂದ ಇಬ್ಬರನ್ನಾದರೂ ಮುಖತಃ ಭೇಟಿಯಾಗಿ, ಎಷ್ಟು ಹೆರಿಗೆಗಳಲ್ಲಿ ಜೊತೆಗಿದ್ದರು, ಅದೇ ದಿನ ಬೇರೊಬ್ಬರ ಹೆರಿಗೆ ಬಂದರೆ ನಿಮ್ಮ ಬಳಿಗೆ ಯಾರನ್ನು ಕಳುಹಿಸುತ್ತಾರೆ, ಹೆರಿಗೆಯ ನಂತರ ಮನೆಗೆ ಎಷ್ಟು ಸಲ ಬರುತ್ತಾರೆ ಎಂದು ಕೇಳಿ.

ಇನ್ನು ಬಾಣಂತನ. ಹೆರಿಗೆಗೆ ಬರುವ ಡೂಲಾ ಅದನ್ನು ನೋಡಿಕೊಳ್ಳುತ್ತಾರೆಂದು ತಿಳಿಯಬೇಡಿ. ಬಾಣಂತಿಯ ಆರೈಕೆಗೆ ಬರುವ ಡೂಲಾಗಳು ಹಲವು ವೇಳೆ ಬೇರೆಯೇ ಇರುತ್ತಾರೆ. ಅವರು ಎಣ್ಣೆ ನೀರು ಹಾಕುವವರಲ್ಲ. ಮಗು ಮೊಲೆಯ ತೊಟ್ಟನ್ನಷ್ಟೇ ಚೀಪದೆ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿತುಂಬ ಹಿಡಿದಿದೆಯೇ ಎಂದು ಪಕ್ಕದಲ್ಲಿ ಕುಳಿತು ನೋಡುವವರು, ಮಗುವನ್ನು ಎತ್ತಿಕೊಂಡು ನಿಮಗೆ ಎರಡು ಗಂಟೆ ನಿದ್ದೆ ದೊರಕಿಸುವವರು. ಅಡುಗೆಯ ವಿಷಯದಲ್ಲಿ ಅತ್ತೆಯವರ ಅನುಭವವೇ ಮೇಲು: ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲವೂ ಇರಲಿ. ಬಾಣಂತಿಗೆ ನೀರು ಕಡಿಮೆ ಕೊಡುವುದನ್ನೂ ಮಗುವಿನ ಕಿವಿ-ಮೂಗಿಗೆ ಎಣ್ಣೆ ಬಿಡುವುದನ್ನೂ ಮಾತ್ರ ಕೈಬಿಡಿ.

ಮನೆಗೆ ಬಂದವರೆಲ್ಲ ಮಗುವನ್ನು ವಿಚಾರಿಸುವಾಗ ತಾಯಿಯನ್ನು ವಿಚಾರಿಸುವ ಒಬ್ಬರಿರುವುದೂ ಮುಖ್ಯ. ಮೊದಲ ದಿನಗಳ ಅಳು ಎರಡು ವಾರ ದಾಟಿಯೂ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿ. ನಿಮ್ಮ ಊರಿನಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕವೂ ಇದೆ. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ತೀವ್ರ ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಡೂಲಾಗೆ ಫೋನ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಮುಂದಿನ ತಪಾಸಣೆಗೆ ಹೋಗುವಾಗ ಸಾಧ್ಯವಾದರೆ ಅತ್ತೆಯವರನ್ನೂ ಕರೆದೊಯ್ದು, ಹೆರಿಗೆ ಕೋಣೆಗೆ ಎಷ್ಟು ಜನರನ್ನು ಬಿಡುತ್ತಾರೆಂದು ಅವರ ಎದುರಿನಲ್ಲೇ ಕೇಳಿ. ಇಬ್ಬರನ್ನು ಬಿಡುವುದಾದರೆ ಒಂದು ಜಾಗ ತಮಗಿರಲಿ ಎಂದು ಅವರೇ ಹೇಳಿದರೂ ಹೇಳಬಹುದು.