ಕುಕ್ಕರ್‌ನಿಂದ ಕೈಗೆ: ಹೊಸಕೋಟೆಯ ಓದುಗರಿಗೆ ಉತ್ತರ

ಹೊಸಕೋಟೆ ತಾಲ್ಲೂಕಿನ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ: ‘2019ರ ಉಪಚುನಾವಣೆಯಲ್ಲಿ ದೊಡ್ಡ ಪಕ್ಷಗಳನ್ನೆಲ್ಲ ಬಿಟ್ಟು ಕುಕ್ಕರ್ ಗುರುತಿಗೆ ಓಟು ಹಾಕಿದೆವು. ಒಂದೂವರೆ ವರ್ಷ ತುಂಬುವ ಮೊದಲೇ ಶರತ್ ಬಚ್ಚೇಗೌಡರು ಕಾಂಗ್ರೆಸ್ ಕಡೆ ಹೋದರು. ಪಕ್ಷಾಂತರ ನಿಷೇಧ ಕಾಯ್ದೆ ಆಗ ಎಲ್ಲಿತ್ತು? ಈಗಲಾದರೂ ಮತದಾರರು ದೂರು ಕೊಡಬಹುದೆ?’

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅದರಲ್ಲಿ ಅರ್ಧದಷ್ಟಾದರೂ ಬೇರೆ ಕಡೆಗೆ ಹೋಗಬೇಕು ಎಂಬುದು ನನ್ನ ಅನಿಸಿಕೆ. 2018ರಲ್ಲಿ ನಿಮ್ಮ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಗೆದ್ದರು, ಕಮಲದ ಗುರುತಿನ ಶರತ್ ಸೋತರು. ನಾಗರಾಜ್ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದಲ್ಲಿ ವಸತಿ ಸಚಿವರೂ ಆದರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು, ಅನರ್ಹರಾದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಅದಾಗುತ್ತಲೇ ಬಿಜೆಪಿ ಟಿಕೆಟ್ ಅವರ ಕೈಗೆ ಬಂತು. ಯಾರ ವಿರುದ್ಧ ವರ್ಷದ ಹಿಂದಷ್ಟೇ ಬೂತಿನಿಂದ ಬೂತಿಗೆ ತಿರುಗಿದ್ದರೋ ಅವರಿಗೇ ದಾರಿ ಬಿಟ್ಟು ಕೂರಬೇಕೆಂದು ಶರತ್‌ಗೆ ಹೇಳಲಾಯಿತು. ಅವರು ಕೂರಲಿಲ್ಲ, ಪಕ್ಷ ಹೊರಗೆ ಹಾಕಿತು. ತಂದೆ ಬಿ.ಎನ್. ಬಚ್ಚೇಗೌಡರು ಆಗ ಚಿಕ್ಕಬಳ್ಳಾಪುರದ ಬಿಜೆಪಿ ಸಂಸದರು. ಮನೆಯೊಳಗಿನ ಇಕ್ಕಟ್ಟನ್ನು ನೀವೇ ಊಹಿಸಿಕೊಳ್ಳಿ.

ಪಕ್ಷೇತರನಾಗಿ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ. ಮಾನ್ಯತೆ ಪಡೆದ ಪಕ್ಷದ ಬಿ ಫಾರಂ ಇದ್ದವನಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಮತಯಂತ್ರದಲ್ಲಿ ಹೆಸರು ಪಕ್ಷಗಳದ್ದೆಲ್ಲ ಮುಗಿದ ಮೇಲೆ ಕೆಳಗೆ ಬರುತ್ತದೆ. ಗುರುತು ಸಿಗುವುದು ನಾಮಪತ್ರ ವಾಪಸಾತಿ ಮುಗಿದ ನಂತರ, ಅಂದರೆ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಲು ಇರುವುದು ಹೆಚ್ಚುಕಡಿಮೆ ಎರಡು ವಾರ. ಎದುರಿಗಿದ್ದವರೋ ಸಾವಿರ ಕೋಟಿಗೂ ಮೀರಿದ ಆಸ್ತಿ ಘೋಷಿಸಿಕೊಂಡ ಅಭ್ಯರ್ಥಿ. ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಶರತ್ ಬೆನ್ನಿಗೆ ನಿಂತಿತು ಎಂಬುದನ್ನೂ ಮರೆಯಬಾರದು, ಪೂರ್ತಿ ಒಂಟಿ ಹೋರಾಟವೇನೂ ಅಲ್ಲ. ಶೇ 90ರಷ್ಟು ಮತದಾನವಾಯಿತು. ಡಿಸೆಂಬರ್ 9ರಂದು ಎಣಿಕೆ ಮುಗಿದಾಗ ಶರತ್ ಗೆದ್ದಿದ್ದರು, ಅಂತರ 11,486.

ಪಕ್ಷಾಂತರಕ್ಕೆ ಶಿಕ್ಷೆ ಕೊಡಬೇಕಾದವರು ಮತದಾರರು, ಹೊಸಕೋಟೆಯವರು ಕೊಟ್ಟಿರಿ. ಆಮೇಲೆ ಆಗಿದ್ದೇನು? ಸೋತ ನಾಗರಾಜ್ 2020ರಲ್ಲಿ ವಿಧಾನ ಪರಿಷತ್ ಸದಸ್ಯರಾದರು, 2021ರ ಜನವರಿಯಲ್ಲಿ ಮಂತ್ರಿಯಾದರು. ಗೆದ್ದ ಶರತ್ ಹಿಂದಿನ ಸಾಲಿನಲ್ಲಿ ಉಳಿದರು. ನನ್ನ ಪ್ರಕಾರ ಇಡೀ ಕತೆಯ ಕೀಲಿ ಇಲ್ಲಿದೆ. ಪಕ್ಷೇತರನ ಬೆಲೆ ಅವನ ಗುಣದ ಮೇಲೂ ನಿಲ್ಲುವುದಿಲ್ಲ, ಗೆದ್ದ ಅಂತರದ ಮೇಲೂ ನಿಲ್ಲುವುದಿಲ್ಲ. ಆಡಳಿತ ಪಕ್ಷಕ್ಕೆ ಎಷ್ಟು ತಲೆ ಕಡಿಮೆ ಬಿದ್ದಿವೆ ಎಂಬುದರ ಮೇಲೆ ನಿಲ್ಲುತ್ತದೆ. 2008ರಲ್ಲಿ ಬಿಜೆಪಿ 110ಕ್ಕೆ ನಿಂತಿತು, ಬೇಕಿದ್ದದ್ದು 113. ಗೆದ್ದಿದ್ದ ಆರು ಪಕ್ಷೇತರರಲ್ಲಿ ಐವರು ಮಂತ್ರಿಗಳಾದರು. ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ 2019ರಲ್ಲಿ ಒಂದೇ ಬೇಸಿಗೆ-ಮಳೆಗಾಲದೊಳಗೆ ಮೈತ್ರಿ ಸರ್ಕಾರದಲ್ಲೂ ಮಂತ್ರಿ, ಅದು ಬಿದ್ದ ಮೇಲೆ ಯಡಿಯೂರಪ್ಪನವರ ಸಂಪುಟದಲ್ಲೂ ಮಂತ್ರಿ! ಆದರೆ ಅದೇ ಡಿಸೆಂಬರ್ 9ರಂದು, ಉಪಚುನಾವಣೆ ನಡೆದ 15ರಲ್ಲಿ 12 ಕ್ಷೇತ್ರ ಗೆದ್ದು ಬಿಜೆಪಿ 117 ಮುಟ್ಟಿತು. ಶರತ್ ಗೆದ್ದ ದಿನವೇ ಅವರ ಒಂದು ಮತ ಯಾರಿಗೂ ಬೇಡವಾಯಿತು. 2021ರ ಜನವರಿಯಲ್ಲಿ ನಾಗೇಶರನ್ನೂ ಸಂಪುಟದಿಂದ ಕೈಬಿಟ್ಟರು.

ಇನ್ನು ಕಾನೂನು. ನೀವು ಕೇಳಿದ ಪಕ್ಷಾಂತರ ನಿಷೇಧ ಕಾಯ್ದೆ, ಅಂದರೆ 1985ರಲ್ಲಿ ಬಂದ ಸಂವಿಧಾನದ ಹತ್ತನೇ ಪರಿಚ್ಛೇದ, ಪಕ್ಷೇತರರ ಮಟ್ಟಿಗೆ ಬಹಳ ಬಿಗಿ: ಗೆದ್ದ ಮೇಲೆ ಯಾವುದೇ ಪಕ್ಷ ಸೇರಿದರೂ ಸದಸ್ಯತ್ವ ಹೋಗುತ್ತದೆ. ನಾಮನಿರ್ದೇಶಿತ ಸದಸ್ಯರಿಗಿರುವ ಆರು ತಿಂಗಳ ಅವಕಾಶವೂ ಇಲ್ಲ. ಹಾಗಾದರೆ ಸೇರುವುದು ಅಂದರೆ ಏನು? ಜಗಳವೆಲ್ಲ ಅಲ್ಲೇ. ಹರಿಯಾಣದ ಕೆಲವು ಪಕ್ಷೇತರರು ಟಿ.ವಿ. ಕ್ಯಾಮೆರಾ ಮುಂದೆ ನಿಂತು ಕಾಂಗ್ರೆಸ್ ಸೇರಿದ್ದೇವೆ ಎಂದಿದ್ದರು. 2004ರಲ್ಲಿ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ನಮ್ಮಲ್ಲಿ 2010ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪ ಸರ್ಕಾರಕ್ಕೆ ಬೆಂಬಲ ಹಿಂಪಡೆದ ಐವರು ಪಕ್ಷೇತರರು, ಮಂತ್ರಿಗಳಾಗಿದ್ದಾಗಲೇ ಬಿಜೆಪಿ ಸೇರಿದಂತಾಗಿತ್ತು ಎಂದು ಸ್ಪೀಕರ್ ಬೋಪಯ್ಯ ತೀರ್ಮಾನಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಸರ್ಕಾರವನ್ನು ಬೆಂಬಲಿಸುವುದು, ಮಂತ್ರಿಯಾಗುವುದು ಪಕ್ಷ ಸೇರಿದ ಹಾಗಲ್ಲ.

ಈ ಎರಡು ತೀರ್ಪುಗಳ ನಡುವಿನ ಸಂದಿಯಲ್ಲಿ ಹುಟ್ಟಿದ್ದು ‘ಸಹ ಸದಸ್ಯ’. 2021ರಲ್ಲಿ ಶರತ್ ಕಾಂಗ್ರೆಸ್ಸಿಗೆ ಬೆಂಬಲ ಘೋಷಿಸಿದ್ದು ಇದೇ ಹೆಸರಿನಲ್ಲಿ. ಹತ್ತನೇ ಪರಿಚ್ಛೇದದಲ್ಲಿ ಇಂಥದೊಂದು ವರ್ಗವೇ ಇಲ್ಲ, ವಕೀಲರ ಸಲಹೆಯ ವಾಸನೆ ಅದಕ್ಕಿದೆ. ವೇದಿಕೆ, ಪ್ರಚಾರ ಎಲ್ಲ ಪಕ್ಷದ್ದು, ದಾಖಲೆಯಲ್ಲಿ ಮಾತ್ರ ಪಕ್ಷೇತರ. ಕಾನೂನಿಗೆ ಇದು ಸಾಕಿರಬಹುದು. ಓಟು ಹಾಕಿದವರಿಗೆ ಸಾಲದು ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೂ ನಾಗರಾಜರನ್ನೂ ಶರತ್‌ರನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಒಬ್ಬರು ಗೆಲ್ಲಿಸಿದ ಪಕ್ಷದ ಸರ್ಕಾರ ಬೀಳಿಸಲು ನೆರವಾದರು. ಇನ್ನೊಬ್ಬರು ಯಾವ ಸರ್ಕಾರವನ್ನೂ ಬೀಳಿಸಲಿಲ್ಲ, ಹೋದದ್ದೂ ಆಗ ಅಧಿಕಾರವಿಲ್ಲದೆ ಕೂತಿದ್ದ ಪಕ್ಷಕ್ಕೆ. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಈ ಸಲ ಶರತ್ ಕೈಯಲ್ಲಿ ಕಾಂಗ್ರೆಸ್ ಬಿ ಫಾರಂ. ಗೆದ್ದರು, ಆದರೆ ಅಂತರ 5 ಸಾವಿರದಷ್ಟಕ್ಕೆ ಇಳಿಯಿತು. ನಿಮ್ಮಂತೆ ಯೋಚಿಸಿದವರು ಎಷ್ಟು ಮಂದಿಯೋ!

ಪತ್ರದ ಅಂಚಿನಲ್ಲಿ, ಪಕ್ಷದಿಂದ ಉಚ್ಚಾಟನೆಯಾದ ಶಾಸಕರೂ ಪಕ್ಷೇತರರೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಪ್ರಕಾರ, ಉಚ್ಚಾಟಿಸಿದರೂ ಅವರು ಗೆದ್ದ ಪಕ್ಷದವರೇ. ಬೇರೆ ಪಕ್ಷ ಸೇರಿದರೆ ಕುರ್ಚಿ ಹೋಗುತ್ತದೆ.

ದೂರಿನ ವಿಚಾರ: ಸ್ಪೀಕರ್‌ಗೆ ಅರ್ಜಿ ಕೊಡಲು ಸದನದ ಸದಸ್ಯರೇ ಆಗಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಒಡಿಶಾದ ಪ್ರಕರಣವೊಂದರಲ್ಲಿ ಹೇಳಿದೆ. ಆದರೆ ನೀವು ಹೇಳುವ ವಿಧಾನಸಭೆ 2023ರ ಮೇ ತಿಂಗಳಲ್ಲೇ ಮುಗಿದುಹೋಯಿತು. ಈಗ ಅರ್ಜಿ ಹಾಕಿದರೂ ಅನರ್ಹಗೊಳಿಸಲು ಆ ಸದಸ್ಯತ್ವವೇ ಉಳಿದಿಲ್ಲ.