ಕಿವಿ ಆಪರೇಷನ್ ಆದ ಮಗನನ್ನು ಯಾವಾಗ ಕರೆಸಿಕೊಳ್ಳಲಿ?

ನೀವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದೀರಿ, ಮನೆಯವರು ಇನ್ನೂ ಹಾಸನದಲ್ಲಿದ್ದಾರೆ. ಮಗನಿಗೆ ಕೊಲೆಸ್ಟಿಯಟೋಮಾಗೆ (ಕಿವಿ ತಮಟೆಯ ಹಿಂದೆ ಚರ್ಮ ಗಡ್ಡೆಯ ಹಾಗೆ ಬೆಳೆಯುವ ರೋಗ) ಕಿವಿ ಆಪರೇಷನ್ ಆಗಿ ಒಂದು ವಾರ. ಬೇಗ ಕರೆಸಿಕೊಂಡುಬಿಡಲಾ, ಮುಂದಿನದು ಇಲ್ಲೇ ಚೆನ್ನಾಗಿ ನೋಡ್ತಾರಲ್ವಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾವೂ ಸಕಲೇಶಪುರದ ಕಡೆಯವರು, ನನ್ನ ಮಗಳಿಗೂ ಇದೇ ಆಪರೇಷನ್ ಇಲ್ಲಿ ಆಗಿದೆ. ಗಾಯ ಮಾಯಲು ಕಿವಿಯೊಳಗೆ ತುಂಬಿಸಿರುವ ಪ್ಯಾಕ್ ತೆಗೆದು, ಆಪರೇಷನ್ ಮಾಡಿದ ಡಾಕ್ಟರೇ ನೋಡಿ ವಿಮಾನ ಹತ್ತಬಹುದು ಅಂದ ಮೇಲೆ ಟಿಕೆಟ್ ಮಾಡಿ. ಇಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ನೇರವಾಗಿ ಇಎನ್‌ಟಿ ಹತ್ತಿರ ಹೋಗುವ ಹಾಗಿಲ್ಲ. ಮೊದಲು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸಬೇಕು, ಅವರು ಕಳಿಸಬೇಕು, ಆಮೇಲೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಈ ವಿಷಯದಲ್ಲಿ ನಮ್ಮೂರೇ ವಾಸಿ.

ಅಜ್ಜಿಗೆ ಫೋನ್ ಮಾಡಿ ಹೇಳಿ: ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಡುವುದು ಬೇಡವೇ ಬೇಡ. ತಲೆಗೆ ನೀರು ಹಾಕುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಲಿ. ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆಗೆದೇ ಸೀನಬೇಕು. ಊಟ ರುಚಿಯಿಲ್ಲ ಅಂತ ತಟ್ಟೆ ತಳ್ಳಿದರೆ ಗದರಬೇಡಿ. ನಾಲಿಗೆಯ ರುಚಿಯ ನರವೊಂದು ಕಿವಿಯೊಳಗಿಂದ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಬಾಯಲ್ಲಿ ಒಂದು ಕಡೆ ಕಬ್ಬಿಣ ಇಟ್ಟ ಹಾಗಿರುತ್ತದೆ. ನನ್ನ ಮಗಳು ಸಾರು ಮುಟ್ಟದೆ ಮೊಸರನ್ನದಲ್ಲೇ ಕಾಲ ಹಾಕಿದಳು. ಸಾಮಾನ್ಯವಾಗಿ ತಾನಾಗೇ ಸರಿಹೋಗುತ್ತದೆ. ಆದರೆ ತಲೆ ಸುತ್ತು ಜಾಸ್ತಿಯಾದರೆ, ಜ್ವರ ಬಂದರೆ, ಮುಖ ಸೊಟ್ಟಗಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಸಿಟಿ ಸ್ಕ್ಯಾನ್ ಸಿಡಿ, ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆಯ ವರದಿ) ಎಲ್ಲ ತರಿಸಿಕೊಳ್ಳಿ. ಆಪರೇಷನ್ ನೋಟ್ಸ್ ಮಾತ್ರ ಬಿಡಲೇಬೇಡಿ. ಯಾವ ಮೂಳೆ ತೆಗೆದರು, ಬದಲಿಗೆ ಏನಾದರೂ ಇಟ್ಟರಾ, ಅದರಲ್ಲಿರಬೇಕು. ಇದು ಕ್ಯಾನ್ಸರ್ ಅಲ್ಲ. ಆದರೆ ಒಳಗೆ ಚರ್ಮದ ಒಂದು ಚೂರು ಉಳಿದರೂ ಮತ್ತೆ ಬೆಳೆಯಬಹುದು, ಮಕ್ಕಳಲ್ಲಿ ದೊಡ್ಡವರಿಗಿಂತ ಜಾಸ್ತಿ. ಸುಮಾರು ಒಂದು ವರ್ಷದ ಹೊತ್ತಿಗೆ ಎಂಆರ್‌ಐ ಅಥವಾ ಎರಡನೇ ಆಪರೇಷನ್ ಮಾಡಿ ನೋಡುತ್ತಾರೆ. ಇಲ್ಲಿಯವರು ಗಟ್ಟಿ ಇರುವುದು ಇದರಲ್ಲೇ, ವರ್ಷಗಟ್ಟಲೆ ಮರೆಯದೆ ಕರೆಯುತ್ತಾರೆ. ವೀಸಾ ಜೊತೆ ಮಗುವಿಗೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟುತ್ತೀರಲ್ಲ, ಆಮೇಲೆ ಆಸ್ಪತ್ರೆಗೆ, ಔಷಧಿಗೆ, ಬೇಕಾದರೆ ಕಿವಿ ಮಿಷನ್‌ಗೂ ದುಡ್ಡು ಕೇಳುವುದಿಲ್ಲ.

ಸ್ಕೂಲಿಗೆ ಮೊದಲ ದಿನವೇ ಬರೆದುಕೊಡಿ. ಇಲ್ಲಿ ಪ್ರೈಮರಿ ಮುಗಿಯುವುದರೊಳಗೆ 25 ಮೀಟರ್ ಈಜು ಕಲಿಸಬೇಕು ಅಂತಿದೆ. ಡಾಕ್ಟರ್ ಒಪ್ಪುವ ತನಕ ನೀರಿಗೆ ಇಳಿಸಬೇಡಿ ಅನ್ನಿ. ಚೆನ್ನಾಗಿ ಕೇಳುವ ಕಿವಿ ಟೀಚರ್ ಕಡೆಗೆ ಬರುವ ಹಾಗೆ ಕೂರಿಸಲು ಹೇಳಿ. ಹೊಸ ಮಗು ಕರೆದಾಗ ತಿರುಗದಿದ್ದರೆ ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೆ, ಕೇಳಿಸಿಲ್ಲ ಅಂತ ಹೊಳೆಯುವುದಿಲ್ಲ.